ಫಿಲಿಪೀನ್ಸ್‌ನ ಸಂಗೀತ ಸಂಯೋಜಕರು ಮತ್ತು ಗಾಯಕ ವಾದಕರು

ಇಗರ್ಜಿಯ ಗಾನಶಾಲೆ, ಊರಿನ ಬ್ಯಾಂಡು, ಸರ್ಸ್ವೇಲಾ ರಂಗಭೂಮಿ, ಸಂಗೀತ ವಿದ್ಯಾಲಯ ಮತ್ತು ಧ್ವನಿಮುದ್ರಣ ಉದ್ಯಮಗಳಲ್ಲಿ ಬೆಳೆದು, 19ನೆಯ ಶತಮಾನದಿಂದೀಚೆಗೆ ಆಗ್ನೇಯ ಏಷ್ಯದ ಫಿಲಿಪೀನ್ಸ್ ದ್ವೀಪಗಳ ಸಾರ್ವಜನಿಕ ಬದುಕನ್ನು ಪ್ರಭಾವಿಸಿದ ಸಂಗೀತಕಾರರ ಪರಂಪರೆಯನ್ನು ಈ ಲೇಖನ ಪರಿಚಯಿಸುತ್ತದೆ. ಈ ಪರಂಪರೆಯಲ್ಲಿ ಎರಡು ಧಾರೆಗಳಿವೆ. ಒಂದು, ಸ್ಪೇನಿನ ಕ್ರೈಸ್ತ ಸಂನ್ಯಾಸಿಗಳು ತಂದ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆಯುವ ಧಾರೆ. ಇನ್ನೊಂದು, ಬೆಟ್ಟಗಾಡುಗಳಲ್ಲೂ ದಕ್ಷಿಣದ ಮುಸ್ಲಿಂ ಪ್ರದೇಶಗಳಲ್ಲೂ ಬಾಯಿಂದ ಬಾಯಿಗೆ ಉಳಿದು ಬಂದ ಜಾಗಟೆ, ತಂತಿವಾದ್ಯ ಮತ್ತು ಕಾವ್ಯಗಾಯನಗಳ ಧಾರೆ. ಮೊದಲನೆಯದರಲ್ಲಿ ಪಳಗಿದವರು ಎರಡನೆಯದನ್ನು ಹೇಗೆ ಎದುರುಗೊಂಡರು ಎಂಬುದೇ 20ನೆಯ ಶತಮಾನದ ಫಿಲಿಪೀನ್ಸ್ ಸಂಗೀತದ ಮುಖ್ಯ ಕಥೆ.

ಇಲ್ಲಿ ‘ಸಂಯೋಜಕ’ ಎಂದರೆ ಸ್ವರ ರಚಿಸಿದವನು ಎಂದಷ್ಟೇ ಅರ್ಥ. ಈ ಪರಂಪರೆಯಲ್ಲಿ ಸಾಹಿತ್ಯ ಬರೆಯುವವರು ಸಾಮಾನ್ಯವಾಗಿ ಬೇರೆಯವರಾದುದರಿಂದ ‘ವಾಗ್ಗೇಯಕಾರ’ ಎಂಬ ಪದವನ್ನು ಬಳಸಿಲ್ಲ.

ಹಿನ್ನೆಲೆ

ಸ್ಪೇನಿನ ಆಳ್ವಿಕೆ 1565ರಲ್ಲಿ ನೆಲೆಯೂರಿತು. ಅದಕ್ಕೆ ಮುಂಚೆ ಬಿದಿರು ಮತ್ತು ಕಂಚಿನ ವಾದ್ಯಗಳು ದ್ವೀಪಗಳಲ್ಲೆಲ್ಲ ಬಳಕೆಯಲ್ಲಿದ್ದವು. ಉತ್ತರ ಲೂಸೊನ್‌ನ ಕೊರ್ದಿಲೆರಾ ಬೆಟ್ಟಗಳ ಗಾಂಗ್ಸಾ ಚಪ್ಪಟೆಯಾದ ಜಾಗಟೆ. ದಕ್ಷಿಣದ ಮಿಂದನಾವೊದಲ್ಲಿ ನಡುವೆ ಗುಬ್ಬಿಯಂತೆ ಉಬ್ಬಿರುವ ಜಾಗಟೆಗಳೇ ಹೆಚ್ಚು. ಇಂಥ ಎಂಟು ಸಣ್ಣ ಜಾಗಟೆಗಳನ್ನು ಚೌಕಟ್ಟಿನ ಮೇಲೆ ಸಾಲಾಗಿ ಮಲಗಿಸಿದರೆ ಅದು ಕುಲಿಂತಾಂಗ್. ಅಗುಂಗ್ ಮತ್ತು ಗಂದಿಂಗಾನ್ ಎಂಬ ತೂಗುಜಾಗಟೆಗಳು, ಬಬಂದಿಲ್ ಎಂಬ ಚಿಕ್ಕ ಜಾಗಟೆ ಹಾಗೂ ದಬಕಾನ್ ಎಂಬ ಮದ್ದಳೆ ಸೇರಿದಾಗ ಮೇಳ ಪೂರ್ಣವಾಗುತ್ತದೆ. ಈ ಎರಡೂ ಪ್ರದೇಶಗಳು ಸ್ಪೇನಿಗೆ ಪೂರ್ತಿಯಾಗಿ ಮಣಿಯಲಿಲ್ಲ. ಅಲ್ಲಿನ ಸಂಗೀತ ಹೆಚ್ಚು ಮಾರ್ಪಡದೆ ಉಳಿಯಲು ಇದೇ ದೊಡ್ಡ ಕಾರಣ.

ಬಯಲುಸೀಮೆಯಲ್ಲಿ ಸಂಗೀತ ಶಿಕ್ಷಣ ಇಗರ್ಜಿಯ ಕೈಗೆ ಹೋಯಿತು. ಮನಿಲಾದ ಪ್ರಧಾನ ಇಗರ್ಜಿ 1742ರಲ್ಲಿ ಬಾಲಗಾಯಕರ ಶಾಲೆಯೊಂದನ್ನು ತೆರೆಯಿತು. ಸ್ವರಲಿಪಿ, ಆರ್ಗನ್, ಪಿಟೀಲು ಮತ್ತು ಸಮೂಹಗಾಯನಗಳಲ್ಲಿ ಪಳಗಿದ ಸ್ಥಳೀಯ ವೃತ್ತಿಗಾರರ ವರ್ಗವೊಂದು ಇಂಥ ಶಾಲೆಗಳಿಂದ ಹೊರಬಂದಿತು. ಲಗೂನಾ ಪ್ರಾಂತ್ಯದ ಪಾಕಿಲ್ ಊರಿನ ಮಾರ್ಸೆಲೊ ಅದೊನಾಯ್ (1848-1928) ಇವರಲ್ಲಿ ಅಗ್ರಗಣ್ಯ. ಮನಿಲಾದ ಕೋಟೆಯೊಳಗಿನ ಸಾನ್ ಅಗುಸ್ತಿನ್ ಇಗರ್ಜಿಯಲ್ಲಿ ದೀರ್ಘಕಾಲ ಸಂಗೀತ ನಿರ್ದೇಶಕನಾಗಿದ್ದ ಈತನ 1904ರ ‘ಪೆಕೆನ್ಯಾ ಮಿಸಾ ಸೊಲೆಮ್ನೆ’ ಎಂಬ ಪೂಜಾಸಂಗೀತ ಆ ಯುಗದ ಪ್ರೌಢ ಕೃತಿಗಳಲ್ಲೊಂದು.

ಇದೇ ಕಾಲದ ಕಣ್ಣಿಗೆ ಕಾಣುವ ಕುರುಹು ಮನಿಲಾ ಬಳಿಯ ಲಾಸ್ ಪಿನ್ಯಾಸ್ ಇಗರ್ಜಿಯ ಬಿದಿರಿನ ಆರ್ಗನ್. ದಿಯೆಗೊ ಸೆರಾ ಎಂಬ ಸ್ಪೇನಿನ ಪಾದ್ರಿ ಇದನ್ನು 1824ರಲ್ಲಿ ಮುಗಿಸಿದ. ಇದರ 1,031 ಕೊಳವೆಗಳಲ್ಲಿ 902 ಬಿದಿರಿನವು, ಉಳಿದವು ಲೋಹದವು. 1970ರ ದಶಕದಲ್ಲಿ ಜರ್ಮನಿಯ ಬಾನ್ ನಗರಕ್ಕೆ ಸಾಗಿಸಿ ದುರಸ್ತಿ ಮಾಡಿಸಲಾದ ಈ ವಾದ್ಯ ಇಂದಿಗೂ ನುಡಿಯುತ್ತಿದೆ.

ಬ್ಯಾಂಡುಗಳು ಮತ್ತು ರಾಷ್ಟ್ರಗೀತೆ

19ನೆಯ ಶತಮಾನದ ಹೊತ್ತಿಗೆ ಪ್ರತಿ ದೊಡ್ಡ ಊರಿನಲ್ಲೂ ಹಿತ್ತಾಳೆ ವಾದ್ಯಗಳ ಬ್ಯಾಂಡು ಇರುತ್ತಿತ್ತು. ಸಂತರ ಹಬ್ಬ, ಮೆರವಣಿಗೆ, ಶವಯಾತ್ರೆ ಯಾವುದೂ ಅದಿಲ್ಲದೆ ನಡೆಯುತ್ತಿರಲಿಲ್ಲ. ಕವೀತೆ ಪ್ರಾಂತ್ಯದ ಬ್ಯಾಂಡ್ ಶಿಕ್ಷಕ ಹುಲಿಯಾನ್ ಫೆಲಿಪೆ (1861-1944) ಕ್ರಾಂತಿಯ ನಾಯಕ ಎಮಿಲಿಯೊ ಅಗಿನಾಲ್ದೊನ ಕೋರಿಕೆಯ ಮೇರೆಗೆ ರಚಿಸಿದ ನಡಿಗೆಗೀತೆಯನ್ನು ಸಾನ್ ಫ್ರಾನ್ಸಿಸ್ಕೊ ದೆ ಮಲಬೊನ್ ಊರಿನ ಬ್ಯಾಂಡು 1898ರ ಜೂನ್ 12ರಂದು ಕವಿತ್ ಊರಿನಲ್ಲಿ ಸ್ವಾತಂತ್ರ್ಯ ಘೋಷಣೆಯ ವೇಳೆ ನುಡಿಸಿತು. ಆಗ ಅದಕ್ಕೆ ಪದಗಳಿರಲಿಲ್ಲ. ಮರುವರ್ಷ ಹೊಸೆ ಪಾಲ್ಮಾನ ಸ್ಪ್ಯಾನಿಷ್ ಕವಿತೆ ಅದಕ್ಕೆ ಜೊತೆಯಾಯಿತು.

ಸ್ಪೇನಿನ ನಂತರ ಬಂದ ಅಮೆರಿಕದ ಆಡಳಿತ 1907ರ ಧ್ವಜ ಕಾಯ್ದೆಯ ಮೂಲಕ ಕ್ರಾಂತಿಯ ಬಾವುಟದೊಂದಿಗೆ ಈ ಗೀತೆಯನ್ನೂ ನಿಷೇಧಿಸಿತು. 1919ರಲ್ಲಿ ನಿಷೇಧ ತೆರವಾಯಿತು. ಮುಂದೆ ಇಂಗ್ಲಿಷ್ ಪಾಠ, ಆಮೇಲೆ ತಗಾಲೊಗ್ ಆಧಾರಿತ ಫಿಲಿಪಿನೊ ಭಾಷೆಯ ‘ಲುಪಾಂಗ್ ಹಿನಿರಾಂಗ್’ ಬಂದವು. 1998ರ ಕಾನೂನಿನ ಪ್ರಕಾರ ಗೀತೆಯನ್ನು ಫಿಲಿಪಿನೊ ಭಾಷೆಯಲ್ಲಿ, ಫೆಲಿಪೆ ಬರೆದ ಸ್ವರವಿನ್ಯಾಸದಂತೆಯೇ ಹಾಡಬೇಕು. ತಪ್ಪಿದರೆ ದಂಡ ಅಥವಾ ಸೆರೆ. ಜನಪ್ರಿಯ ಗಾಯಕರು ಬಾಕ್ಸಿಂಗ್ ಕಣಗಳಲ್ಲಿ ಗೀತೆಯನ್ನು ತಮ್ಮಿಚ್ಛೆಯಂತೆ ಎಳೆದು ಹಾಡಿದಾಗಲೆಲ್ಲ ಈ ನಿಯಮ ಚರ್ಚೆಗೆ ಬರುತ್ತದೆ.

ಅಮೆರಿಕದ ಆಳ್ವಿಕೆಯಲ್ಲಿ ಹೆಸರಾದದ್ದು ಫಿಲಿಪೀನ್ ಕಾನ್‌ಸ್ಟಾಬ್ಯುಲರಿ ಬ್ಯಾಂಡ್. ಆಫ್ರಿಕನ್ ಅಮೆರಿಕನ್ ಸೇನಾಧಿಕಾರಿ ವಾಲ್ಟರ್ ಲವಿಂಗ್ 1902ರಲ್ಲಿ ಕಟ್ಟಿದ ಈ ತಂಡ 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ನುಡಿಸಿತು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅಧಿಕಾರ ಸ್ವೀಕಾರದ ಮೆರವಣಿಗೆಯಲ್ಲೂ ಅದು ಭಾಗವಹಿಸಿತು.

ಕುಂದಿಮಾನ್

ಕುಂದಿಮಾನ್ ತಗಾಲೊಗ್ ಭಾಷೆಯ ಪ್ರೇಮಗೀತೆ. ಮೂರು ಎಣಿಕೆಯ ತಾಳ, ವಿಳಂಬ ಗತಿ, ಬೇಡಿಕೆಯ ಧಾಟಿ ಇದರ ಲಕ್ಷಣಗಳು. ಹಾಡುವವನು ಪ್ರಿಯತಮೆಯ ಮುಂದೆ ತನ್ನ ದೈನ್ಯವನ್ನು ತೋಡಿಕೊಳ್ಳುತ್ತಾನೆ. ರೂಢಿಯ ರಚನೆಯಲ್ಲಿ ಹಾಡು ಮೈನರ್ ಸ್ವರಶ್ರೇಣಿಯಲ್ಲಿ ಆರಂಭವಾಗಿ ನಡುವೆ ಅದೇ ಆಧಾರಸ್ವರದ ಮೇಜರ್ ಶ್ರೇಣಿಗೆ ತೆರೆದುಕೊಳ್ಳುತ್ತದೆ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಷಡ್ಜ ಬದಲಿಸದೆ ಕೀರವಾಣಿಯ ಸ್ವರಗಳಿಂದ ಶಂಕರಾಭರಣದ ಸ್ವರಗಳಿಗೆ ದಾಟಿದಂತೆ ಎಂದು ಊಹಿಸಿಕೊಳ್ಳಬಹುದು. ದೈನ್ಯದಿಂದ ಭರವಸೆಗೆ ಆಗುವ ಈ ತಿರುವೇ ಕುಂದಿಮಾನ್‌ನ ಜೀವಾಳ.

ರಾತ್ರಿ ಹೆಣ್ಣಿನ ಕಿಟಕಿಯ ಕೆಳಗೆ ನಿಂತು ಗಿಟಾರಿನೊಂದಿಗೆ ಹಾಡುವ ಹರಾನಾ ಎಂಬ ಪದ್ಧತಿಯೊಂದಿಗೆ ಇದಕ್ಕೆ ನಂಟಿದೆ. ವಿಸಾಯಾ ದ್ವೀಪಗಳಲ್ಲಿ ಹೆಣ್ಣು ಗಂಡು ಸವಾಲು ಜವಾಬಿನಂತೆ ಹಾಡಿ ಕುಣಿಯುವ ಬಲಿತಾವ್ ಇದಕ್ಕಿಂತ ಲವಲವಿಕೆಯದು. ಎರಡನ್ನೂ ಕುಂದಿಮಾನ್ ಎಂದು ಕರೆಯುವುದು ತಪ್ಪು.

ಕುಂದಿಮಾನ್‌ಗೆ ರಾಜಕೀಯ ಅರ್ಥ ಬೇಗನೆ ಬಂದಿತು. 1896ರ ಕ್ರಾಂತಿಯ ದಿನಗಳಲ್ಲಿ ‘ಹೊಸೆಲಿನಾಂಗ್ ಬಲಿವಾಗ್’ ಎಂಬ ಹಾಡು ಬುಲಕಾನ್ ಪ್ರಾಂತ್ಯದ ತರುಣಿಯೊಬ್ಬಳನ್ನು ಹೊಗಳುವ ನೆಪದಲ್ಲಿ ಕ್ರಾಂತಿಕಾರರ ನಡುವೆ ಹರಡಿ ‘ಕ್ರಾಂತಿಯ ಕುಂದಿಮಾನ್’ ಎಂದು ಹೆಸರಾಯಿತು. ಕೈಗೆಟುಕದ ಪ್ರಿಯತಮೆಯ ಜಾಗದಲ್ಲಿ ಪರಾಧೀನ ನಾಡನ್ನು ನಿಲ್ಲಿಸುವುದು ಕಷ್ಟವಿರಲಿಲ್ಲ. ಈ ಎರಡು ನೆಲೆಯ ಅರ್ಥ ಮುಂದಿನ ಸಂಯೋಜಕರಿಗೆ ಸಿದ್ಧವಾಗಿ ದೊರೆಯಿತು.

ಬೀದಿಯ ಹಾಡಾಗಿದ್ದ ಇದನ್ನು ಪಿಯಾನೊ ಜೊತೆಗಿನ ಕಛೇರಿ ಗೀತೆಯಾಗಿ ರೂಪಿಸಿದವರು ಮುಖ್ಯವಾಗಿ ಇಬ್ಬರು, ಇಬ್ಬರೂ ಬುಲಕಾನ್ ಪ್ರಾಂತ್ಯದವರು. ಫ್ರಾನ್ಸಿಸ್ಕೊ ಸಾಂತಿಯಾಗೊ (1889-1947) 1917ರಲ್ಲಿ ರಚಿಸಿದ ‘ಅನಾಕ್ ದಲಿತಾ’ ಈ ಹೊಸ ರೂಪದ ಮೊದಲ ದೊಡ್ಡ ಉದಾಹರಣೆ. ಶಿಕಾಗೊದಲ್ಲಿ ಸಂಗೀತದ ಡಾಕ್ಟರೇಟ್ ಪಡೆದು ಮರಳಿದ ಈತ 1930ರಿಂದ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಸಂಗೀತ ವಿದ್ಯಾಲಯದ ನಿರ್ದೇಶಕನಾಗಿದ್ದ. ನಿಕನೊರ್ ಅಬೆಲಾರ್ದೊ (1893-1934) ಪ್ರತಿಭೆಯಲ್ಲಿ ಇವನಿಗಿಂತ ಒಂದು ಕೈ ಮೇಲು. ‘ನಸಾನ್ ಕಾ ಇರೊಗ್’, ‘ಮುತ್ಯಾ ನಾಂಗ್ ಪಾಸಿಗ್’ ಮತ್ತು ‘ಬಿತುಯಿಂಗ್ ಮರಿಕಿತ್’ ಇಂದಿಗೂ ಪ್ರತಿ ಗಾಯನ ವಿದ್ಯಾರ್ಥಿಯ ಪಾಠದಲ್ಲಿವೆ. ಫಿಲಿಪಿನೊ ಸಂಯೋಜಕನೊಬ್ಬ ಬರೆದ ಮೊದಲ ಪಿಯಾನೊ ಕನ್ಚರ್ಟೊ ಸಹ ಈತನದೇ (1923). 1931ರಲ್ಲಿ ಶಿಕಾಗೊಗೆ ಹೋದ ಮೇಲೆ ಅಬೆಲಾರ್ದೊ ಯುರೋಪಿನ ಆಧುನಿಕ ಶೈಲಿಯತ್ತ ತಿರುಗಿದ. ಅಲ್ಲಿ ಬರೆದ ಪಿಟೀಲು ಸೊನಾಟಾ ಮತ್ತು ತಂತಿವಾದ್ಯಗಳ ಸಿನ್ಫೊನಿಯೆಟ್ಟಾ ಕೇಳಿದವರಿಗೆ ಕುಂದಿಮಾನ್‌ಗಳ ಕರ್ತೃವೇ ಇವನ್ನೂ ಬರೆದನೆಂದು ನಂಬುವುದು ಕಷ್ಟ. 41ನೆಯ ವಯಸ್ಸಿನಲ್ಲೇ ಆತ ತೀರಿಕೊಂಡದ್ದರಿಂದ ಆ ದಾರಿ ಅರ್ಧಕ್ಕೆ ನಿಂತಿತು. ಮನಿಲಾದ ಫಿಲಿಪೀನ್ಸ್ ಸಾಂಸ್ಕೃತಿಕ ಕೇಂದ್ರದ ಮುಖ್ಯ ರಂಗಮಂದಿರಕ್ಕೆ ಅವನ ಹೆಸರಿದೆ.

ಕುಂದಿಮಾನ್ ಮನೋಧರ್ಮದ ದೇಶಭಕ್ತಿಗೀತೆಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರಿದ್ದು ‘ಬಾಯಾನ್ ಕೊ’. ಕವಿ ಹೊಸೆ ಕೊರಾಸೊನ್ ದೆ ಹೆಸೂಸ್ ಬರೆದ ಪದಗಳಿಗೆ 1920ರ ದಶಕದ ಕೊನೆಯಲ್ಲಿ ಕೊನ್ಸ್ತಾನ್ಸಿಯೊ ದೆ ಗುಸ್ಮಾನ್ (1903-1982) ಸ್ವರ ಹಾಕಿದ. ಅಮೆರಿಕದ ಆಳ್ವಿಕೆಯ ವಿರುದ್ಧ ಹುಟ್ಟಿದ ಈ ಹಾಡು ಫರ್ಡಿನಾಂಡ್ ಮಾರ್ಕೊಸ್‌ನ ಸೇನಾಡಳಿತದ ಕಾಲದಲ್ಲಿ ಸ್ವದೇಶಿ ಆಳುವವನ ವಿರುದ್ಧ ತಿರುಗಿತು. ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ 1983ರ ಆಗಸ್ಟ್‌ನಲ್ಲಿ ಹತ್ಯೆಯಾದ ಮೇಲೆ ಪ್ರತಿಭಟನಾ ಸಭೆಗಳಲ್ಲೆಲ್ಲ ಇದನ್ನು ಹಾಡಲಾಯಿತು. ಗಾಯಕ ಫ್ರೆಡಿ ಅಗಿಲಾರ್‌ನ ಕಂಠದಲ್ಲಿ ಇದು 1986ರ ಎದ್ಸಾ ಜನಾಂದೋಲನದ ಗೀತೆಯಾಯಿತು.

ಸರ್ಸ್ವೇಲಾ ಮತ್ತು ಗಾಯಕನಟರು

ಸ್ಪೇನಿನಿಂದ ಬಂದ, ಮಾತು ಮತ್ತು ಹಾಡು ಬೆರೆತ ಸಂಗೀತ ನಾಟಕವೇ ಸರ್ಸ್ವೇಲಾ. 1902ರಲ್ಲಿ ಸೆವೆರಿನೊ ರೆಯೆಸ್ ಬರೆದು ಫುಲ್ಹೆನ್ಸಿಯೊ ತೊಲೆಂತಿನೊ ಸಂಗೀತ ಒದಗಿಸಿದ ‘ವಲಾಂಗ್ ಸುಗಾತ್’ ಇದನ್ನು ತಗಾಲೊಗ್ ಪ್ರೇಕ್ಷಕರ ಸ್ವತ್ತಾಗಿಸಿತು. ಅತಾಂಗ್ ದೆ ಲಾ ರಾಮಾ (1902-1991) ಈ ರಂಗದ ಅತಿ ದೊಡ್ಡ ಹೆಸರು. 15ನೆಯ ವಯಸ್ಸಿನಲ್ಲಿ ‘ದಲಾಗಾಂಗ್ ಬುಕಿದ್’ ಸರ್ಸ್ವೇಲಾದ ನಾಯಕಿಯಾದ ಆಕೆ 1919ರಲ್ಲಿ ಅದೇ ಕಥೆಯ ಮೂಕಿ ಚಿತ್ರದಲ್ಲೂ ನಟಿಸಿದಳು. ಫಿಲಿಪಿನೊ ನಿರ್ದೇಶಕನ ಮೊದಲ ಕಥಾಚಿತ್ರ ಇದೇ. ಚಿತ್ರಮಂದಿರದಲ್ಲಿ ಅದರ ಹಾಡನ್ನು ಆಕೆ ಪರದೆಯ ಬಳಿ ನಿಂತು ಹಾಡುತ್ತಿದ್ದಳು. ಚಲನಚಿತ್ರ ಮತ್ತು ಅಮೆರಿಕನ್ ಮಾದರಿಯ ವಿನೋದ ಪ್ರದರ್ಶನಗಳ ಮುಂದೆ ಸರ್ಸ್ವೇಲಾ ಬಹುಬೇಗ ಸೊರಗಿತು.

ಪಾಶ್ಚಾತ್ಯ ಒಪೆರಾದಲ್ಲಿ ಹೆಸರು ಮಾಡಿದವಳು ಕಾಪಿಸ್ ಪ್ರಾಂತ್ಯದ ಹೊವಿತಾ ಫುಯೆಂತೆಸ್ (1895-1978). 1925ರಲ್ಲಿ ಇಟಲಿಯ ಪಿಯಾಚೆಂಜಾದಲ್ಲಿ ಪುಚೀನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದ ನಾಯಕಿಯಾಗಿ ಆಕೆ ಯುರೋಪಿನ ರಂಗವನ್ನು ಪ್ರವೇಶಿಸಿದಳು.

ರಾಷ್ಟ್ರೀಯ ಶೈಲಿಯ ಸಂಯೋಜಕರು

1916ರಲ್ಲಿ ಸ್ಥಾಪನೆಯಾದ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಸಂಗೀತ ವಿದ್ಯಾಲಯದ ಸುತ್ತ ಬೆಳೆದ ತಲೆಮಾರು ಜಾನಪದ ಧಾಟಿಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಹೊಂದಿಸಿತು. ಅಂತೊನಿಯೊ ಮೊಲಿನಾ (1894-1980) ಪಿಟೀಲಿಗಾಗಿ ರಚಿಸಿದ ‘ಹಾತಿಂಗ್ ಗಬಿ’ (1915) ಫ್ರೆಂಚ್ ಸಂಯೋಜಕ ಡೆಬ್ಯುಸಿಯ ನೆರಳಿರುವ ಕೃತಿ. ಅಂತೊನಿನೊ ಬುಯೆನವೆಂತುರಾ (1904-1996) 1930ರ ದಶಕದಲ್ಲಿ ನೃತ್ಯ ಸಂಶೋಧಕಿ ಫ್ರಾನ್ಸಿಸ್ಕಾ ರೆಯೆಸ್ ಅಕಿನೊ ಜೊತೆ ಊರೂರು ಸುತ್ತಿ ಜಾನಪದ ಹಾಡು ಕುಣಿತಗಳನ್ನು ಬರೆದುಕೊಂಡ. ಶಾಲೆಗಳಲ್ಲಿ ಇಂದು ಕಲಿಸುವ ‘ಜಾನಪದ ನೃತ್ಯ’ದ ಬಹುಪಾಲು ಈ ಸಂಗ್ರಹದಿಂದ ಬಂದದ್ದು. ಫೆಲಿಪೆ ಪದಿಯಾ ದೆ ಲಿಯೊನ್ (1912-1992) ಹೊಸೆ ರಿಸಾಲ್‌ನ ‘ನೋಲಿ ಮೆ ತಾಂಗೆರೆ’ ಕಾದಂಬರಿಯನ್ನು 1957ರಲ್ಲಿ ಒಪೆರಾ ಆಗಿಸಿದ.

ಅಂಗೊನೊ ಊರಿನ ಲುಸಿಯೊ ಸಾನ್ ಪೆದ್ರೊ (1913-2002) ದೊಡ್ಡ ವೃಂದಕೃತಿಗಳನ್ನು ಬರೆದರೂ ಜನ ನೆನೆಯುವುದು ‘ಸಾ ಉಗೊಯ್ ನಾಂಗ್ ದುಯಾನ್’ ಎಂಬ ಜೋಗುಳದಿಂದ. ಅದರ ಪದಗಳು ಲೆವಿ ಸೆಲೆರಿಯೊನವು (1910-2002). ಸಾವಿರಾರು ಹಾಡುಗಳಿಗೆ ಸಾಹಿತ್ಯ ಬರೆದ ಈತ ಮರದ ಎಲೆಯನ್ನು ತುಟಿಗಿಟ್ಟು ರಾಗ ನುಡಿಸುವುದರಲ್ಲೂ ಪ್ರಸಿದ್ಧ. ದೇಶದ ಮನೆಮನೆಯ ಕ್ರಿಸ್ಮಸ್ ಗೀತೆ ‘ಆಂಗ್ ಪಾಸ್ಕೊ ಆಯ್ ಸುಮಾಪಿತ್’ನ ತಗಾಲೊಗ್ ಪಾಠ ಇವನದು. ಮೂಲವಾದರೋ ಸೆಬು ದ್ವೀಪದ ವಿಸೆಂತೆ ರೂಬಿ 1933ರಲ್ಲಿ ಸ್ವರ ಹಾಕಿದ ಸೆಬುವಾನೊ ಗೀತೆ. ರಾಜಧಾನಿಯ ಭಾಷೆಯ ಪಾಠದ ಮುಂದೆ ರೂಬಿಯ ಹೆಸರು ಹಿಂದೆ ಸರಿದದ್ದು ಪ್ರಾಂತೀಯ ಸಂಯೋಜಕರ ಸ್ಥಿತಿಗೆ ಒಳ್ಳೆಯ ನಿದರ್ಶನ.

ಕಸಿಲಾಗ್, ಮಸೇಡಾ ಮತ್ತು ಏಷ್ಯದ ಕಡೆಗಿನ ತಿರುವು

1950ರ ದಶಕದ ಕೊನೆಯಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಜಾನಪದ ಧಾಟಿಗೆ ಪಾಶ್ಚಾತ್ಯ ಸ್ವರಮೇಳದ ಉಡುಪು ತೊಡಿಸಿದರೆ ಸಾಕೇ ಎಂಬ ಸಂದೇಹ ಎದ್ದಿತು. ಲುಕ್ರೇಸಿಯಾ ಕಸಿಲಾಗ್ (1918-2008) 1959ರ ‘ಟೊಕಾಟಾ’ದಲ್ಲಿ ದಕ್ಷಿಣದ ಜಾಗಟೆಗಳನ್ನು ಪಾಶ್ಚಾತ್ಯ ಊದುವಾದ್ಯಗಳ ಪಕ್ಕದಲ್ಲೇ ಕೂರಿಸಿದಳು. 1957ರಲ್ಲಿ ಹುಟ್ಟಿ ಮರುವರ್ಷ ಬ್ರಸೆಲ್ಸ್ ವಿಶ್ವಮೇಳದಲ್ಲಿ ಮೆಚ್ಚುಗೆ ಪಡೆದ ಬಯಾನಿಹಾನ್ ನೃತ್ಯತಂಡದ ಸಂಗೀತದ ಹೊಣೆಯೂ ಅವಳದಾಗಿತ್ತು. ಆ ತಂಡ ವೇದಿಕೆಗಾಗಿ ಮಾಡಿಕೊಂಡ ಮಾರ್ಪಾಡುಗಳು ಹೊರಜಗತ್ತಿಗೆ ಫಿಲಿಪೀನ್ಸ್‌ನ ಅಧಿಕೃತ ಚಿತ್ರವಾದವು. ಮೂಲ ಸಮುದಾಯಗಳ ಆಚರಣೆಗೂ ಈ ಪ್ರದರ್ಶನಕ್ಕೂ ಇರುವ ಅಂತರವನ್ನು ಸಂಶೋಧಕರು ಆಗಾಗ ಎತ್ತಿ ತೋರಿಸಿದ್ದಾರೆ.

ಹೊಸೆ ಮಸೇಡಾ (1917-2004) ಇನ್ನೂ ಮುಂದೆ ಹೋದ. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಕೊರ್ಟೊ ಬಳಿ ಪಿಯಾನೊ ಕಲಿತ ಈತ 1950ರ ದಶಕದಲ್ಲಿ ದ್ವೀಪಗಳ ಮೂಲನಿವಾಸಿ ಸಂಗೀತವನ್ನು ಧ್ವನಿಮುದ್ರಿಸಲು ತೊಡಗಿ, 1963ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಜನಾಂಗೀಯ ಸಂಗೀತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. ರಾಗರೇಖೆ ಮತ್ತು ಸ್ವರಮೇಳಗಳನ್ನು ಬದಿಗಿಟ್ಟು, ನೂರಾರು ಜನ ಸರಳ ವಾದ್ಯಗಳಲ್ಲಿ ಹುಟ್ಟಿಸುವ ನಾದರಾಶಿಯನ್ನೇ ಆತ ತನ್ನ ಸಾಮಗ್ರಿ ಮಾಡಿಕೊಂಡ. 1968ರ ‘ಪಗ್ಸಂಬಾ’ ಕ್ರೈಸ್ತ ಪೂಜಾವಿಧಿಯ ತಗಾಲೊಗ್ ಪಾಠವನ್ನಾಧರಿಸಿದೆ. ಫಿಲಿಪೀನ್ಸ್ ವಿಶ್ವವಿದ್ಯಾಲಯದ ವೃತ್ತಾಕಾರದ ಇಗರ್ಜಿಯಲ್ಲಿ ಭಕ್ತರ ನಡುವೆಯೇ ಹರಡಿ ಕುಳಿತ 241 ಮಂದಿ ಹಾಡಿ ನುಡಿಸುವ ಕೃತಿ ಇದು. 1971ರ ‘ಕ್ಯಾಸೆಟ್ಸ್ 100’ರಲ್ಲಿ ನೂರು ಜನ ನೂರು ಕ್ಯಾಸೆಟ್ ಯಂತ್ರಗಳನ್ನು ಹಿಡಿದು ಓಡಾಡಿದರು. 1974ರ ಜನವರಿ 1ರ ‘ಉಗ್ನಾಯಾನ್’ಗೆ ಮನಿಲಾದ 20 ರೇಡಿಯೊ ಕೇಂದ್ರಗಳು 20 ಬೇರೆ ಬೇರೆ ಧ್ವನಿಸುರುಳಿಗಳನ್ನು ಒಂದೇ ಹೊತ್ತಿಗೆ ಬಿತ್ತರಿಸಿದವು. ಜನ ರೇಡಿಯೊಗಳನ್ನು ಬಯಲಿಗೆ ತಂದು ಸೇರಿದಾಗ ಮಾತ್ರ ಸಂಗೀತ ಪೂರ್ಣವಾಗುವಂತೆ ಅದರ ಯೋಜನೆ ಇತ್ತು. ಸೇನಾಡಳಿತದ ದಿನಗಳಲ್ಲಿ, ಅಧ್ಯಕ್ಷನ ಪತ್ನಿ ಇಮೆಲ್ದಾ ಮಾರ್ಕೊಸ್ ಬೆಂಬಲದಿಂದ ಇದು ನಡೆಯಿತು. ಆದ್ದರಿಂದ ಸಮುದಾಯದ ಆದರ್ಶ ಮತ್ತು ಪ್ರಭುತ್ವದ ಪ್ರಚಾರ ಎರಡರ ಚರ್ಚೆಯಲ್ಲೂ ಈ ಕೃತಿ ಬರುತ್ತದೆ.

ಮಸೇಡಾ ನಂತರದವರಲ್ಲಿ ರಮೊನ್ ಸಾಂತೊಸ್ (ಜನನ 1941) ಮತ್ತು ‘ಲಾ ಲೋಬಾ ನೆಗ್ರಾ’ ಒಪೆರಾ ರಚಿಸಿದ ಫ್ರಾನ್ಸಿಸ್ಕೊ ಫೆಲಿಸಿಯಾನೊ (1941-2014) ಮುಖ್ಯರು.

ಮೌಖಿಕ ಪರಂಪರೆಯ ಕಲಾವಿದರು

ಸ್ವರಲಿಪಿಯಿಲ್ಲದ ಪರಂಪರೆಗಳ ಕಲಾವಿದರಿಗೆ ರಾಷ್ಟ್ರಮಟ್ಟದ ಮನ್ನಣೆ ತಡವಾಗಿ ಬಂದಿತು. 1992ರ ಕಾಯ್ದೆಯಿಂದ ಸ್ಥಾಪಿತವಾದ ‘ಗಾವಾದ್ ಸಾ ಮಾನ್ಲಿಲಿಖಾ ನಾಂಗ್ ಬಾಯಾನ್’ ಪುರಸ್ಕಾರ ಅವರಿಗಾಗಿಯೇ ಇದೆ. 1993ರಲ್ಲಿ ಅದನ್ನು ಮೊದಲು ಪಡೆದವರಲ್ಲಿ ದೋಣಿಯಾಕಾರದ ಎರಡು ತಂತಿಯ ಕುತ್ಯಾಪಿ ವಾದಕ ಸಮಾವೊನ್ ಸುಲೈಮಾನ್ ಮತ್ತು ಪಲವಾನ್ ದ್ವೀಪದ ಕಥನಗಾಯಕ ಮಸಿನೊ ಇಂತರಾಯ್ ಇದ್ದರು. ಇಫುಗಾವೊ ಜನರು ಕೊಯ್ಲು ಮತ್ತು ಶವಸಂಸ್ಕಾರಗಳಲ್ಲಿ ಹಾಡುವ ಹುದ್‌ಹುದ್, ಮರನಾವೊ ಜನರ ದರಾಂಗೆನ್ ಮಹಾಕಾವ್ಯ ಎರಡೂ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿವೆ. ದನೊಂಗಾನ್ ಕಲಂದುಯಾನ್ (1947-2016) ಕುಲಿಂತಾಂಗ್ ವಾದನವನ್ನು ಅಮೆರಿಕದಲ್ಲಿ ಹುಟ್ಟಿ ಬೆಳೆದ ಫಿಲಿಪಿನೊ ತರುಣರಿಗೆ ಕಲಿಸಿದ.

ಜನಪ್ರಿಯ ಸಂಗೀತ

1970ರ ದಶಕದವರೆಗೆ ರೇಡಿಯೊದಲ್ಲಿ ಅಮೆರಿಕದ ಹಾಡುಗಳದೇ ಮೇಲುಗೈ. 1973ರಲ್ಲಿ ಹುವಾನ್ ದೆ ಲಾ ಕ್ರೂಸ್ ತಂಡದ ‘ಹಿಮಿಗ್ ನಾತಿನ್’ ತಗಾಲೊಗ್ ರಾಕ್ ಸಂಗೀತಕ್ಕೆ ದಾರಿ ತೆರೆಯಿತು. ಹಾಟ್‌ಡಾಗ್ ಮುಂತಾದ ತಂಡಗಳು ಇಂಗ್ಲಿಷ್ ಮತ್ತು ತಗಾಲೊಗ್ ಬೆರಸಿ ಹಾಡಿದ ಶೈಲಿ ‘ಮನಿಲಾ ಸೌಂಡ್’ ಎನಿಸಿಕೊಂಡಿತು. 1978ರ ಮೆಟ್ರೊಪಾಪ್ ಗೀತೋತ್ಸವದಲ್ಲಿ ರಯಾನ್ ಕಯಬ್ಯಾಬ್ (ಜನನ 1954) ರಚಿಸಿದ ‘ಕಾಯ್ ಗಂದಾ ನಾಂಗ್ ಅತಿಂಗ್ ಮುಸಿಕಾ’ ಮೊದಲ ಬಹುಮಾನ ಗೆದ್ದಿತು. ಅದೇ ಉತ್ಸವದಲ್ಲಿ ಸೋತ ಹಾಡೊಂದು ದೇಶದ ಗಡಿ ದಾಟಿತು. ದಾರಿತಪ್ಪಿದ ಮಗನ ಪಶ್ಚಾತ್ತಾಪವನ್ನು ಹೇಳುವ ಫ್ರೆಡಿ ಅಗಿಲಾರ್‌ನ (ನಿಧನ 2025) ‘ಅನಾಕ್’ ಹಲವು ಭಾಷೆಗಳಿಗೆ ಹೋಗಿ ಏಷ್ಯ ಮತ್ತು ಯುರೋಪಿನಲ್ಲಿ ಜನಪ್ರಿಯವಾಯಿತು. ಚಲನಚಿತ್ರ ಗೀತೆಗಳಲ್ಲಿ ಜಾರ್ಜ್ ಕಾನ್ಸೆಕೊ ಮತ್ತು ಎರ್ನಾನಿ ಕುಯೆಂಕೊ ಹೆಸರಾಂತರು.

‘ಒರಿಜಿನಲ್ ಪಿಲಿಪಿನೊ ಮ್ಯೂಸಿಕ್’ ಎಂಬುದರ ಸಂಕ್ಷೇಪವಾದ ‘ಓಪಿಎಂ’ ಇಂದು ಎಲ್ಲ ಸ್ವದೇಶಿ ಜನಪ್ರಿಯ ಗೀತೆಗಳಿಗೂ ಸಲ್ಲುವ ಹೆಸರು. 1987ರ ಸರ್ಕಾರಿ ಆದೇಶವೊಂದು ಸಂಗೀತ ಬಿತ್ತರಿಸುವ ರೇಡಿಯೊ ಕೇಂದ್ರಗಳು ಗಂಟೆಗೆ ಕನಿಷ್ಠ 4 ಫಿಲಿಪಿನೊ ರಚನೆಗಳನ್ನು ಹಾಕಬೇಕೆಂದು ವಿಧಿಸಿತು. ಜೋಯಿ ಅಯಾಲಾ ಮಿಂದನಾವೊದ ಹೆಗಲೊಂಗ್ ತಂತಿವಾದ್ಯವನ್ನು ರಾಕ್ ತಂಡಕ್ಕೆ ತಂದ. ಫಿಲಿಪೀನ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಹುಟ್ಟಿದ ಇರೇಸರ್‌ಹೆಡ್ಸ್ ತಂಡ 1993ರ ಮೊದಲ ಆಲ್ಬಮ್‌ನಿಂದ ನಗರದ ತರುಣರ ಮಾತಿನ ಧಾಟಿಯನ್ನೇ ಹಾಡಾಗಿಸಿತು.

ಹೊರದೇಶಗಳಲ್ಲಿ

ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಶಾಂಘೈ ಮತ್ತು ಹಾಂಗ್‌ಕಾಂಗ್‌ನ ಜಾಸ್ ತಂಡಗಳಲ್ಲಿ, ಹೋಟೆಲು ಹಡಗುಗಳಲ್ಲಿ ಫಿಲಿಪಿನೊ ವಾದಕರಿಗೆ ಬಹಳ ಬೇಡಿಕೆ ಇತ್ತು. ಸ್ವರಲಿಪಿ ಓದಬಲ್ಲ, ಅಮೆರಿಕದ ಶೈಲಿ ಬಲ್ಲ, ಕಡಿಮೆ ಸಂಬಳಕ್ಕೆ ದೊರೆಯುವ ಏಷ್ಯದ ವಾದಕರು ಬೇರೆಡೆ ವಿರಳ. ಇಗರ್ಜಿ ಶಾಲೆಗಳಲ್ಲಿ ಪಿಟೀಲು ಕಲಿತು ಮುಂಬಯಿಯ ಚಿತ್ರರಂಗ ಸೇರಿದ ಗೋವಾದ ವಾದಕರ ಇತಿಹಾಸವೂ ಇದೇ ಬಗೆಯದು. ಹೀಗೆ ಹೊರಗೆ ಹೋದ ಫಿಲಿಪಿನೊ ವಾದಕರಲ್ಲಿ ಬಹುಪಾಲು ಜನರ ಹೆಸರು ದಾಖಲೆಯಲ್ಲಿ ಉಳಿದಿಲ್ಲ.

ಹೆಸರು ಉಳಿಸಿಕೊಂಡವರಲ್ಲಿ ಪಿಯಾನೊ ವಾದಕಿ ಸೆಸಿಲ್ ಲಿಕಾದ್ 1981ರಲ್ಲಿ ಲೆವೆನ್‌ಟ್ರಿಟ್ ಸ್ವರ್ಣಪದಕ ಪಡೆದಳು. ಲಿಯಾ ಸಲೊಂಗಾ 1989ರಲ್ಲಿ ಲಂಡನ್‌ನ ‘ಮಿಸ್ ಸೈಗಾನ್’ ಸಂಗೀತ ನಾಟಕದ ನಾಯಕಿಯಾಗಿ, ಅದೇ ಪಾತ್ರಕ್ಕೆ 1991ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿ ಗಳಿಸಿದಳು. ಅಂದ್ರೆಯಾ ವೆನೆರಾಸಿಯೊನ್ 1963ರಲ್ಲಿ ಕಟ್ಟಿದ ಫಿಲಿಪೀನ್ ಮ್ಯಾಡ್ರಿಗಲ್ ಸಿಂಗರ್ಸ್ ಅರ್ಧವೃತ್ತದಲ್ಲಿ ಕುಳಿತು, ಎದುರಿಗೆ ನಿರ್ದೇಶಕನಿಲ್ಲದೆ ಹಾಡುವ ತಂಡ. 1997 ಮತ್ತು 2007ರಲ್ಲಿ ಯುರೋಪಿಯನ್ ಗ್ರಾಂಡ್ ಪ್ರಿ ಗೆದ್ದು, ಆ ಪ್ರಶಸ್ತಿಯನ್ನು ಎರಡು ಬಾರಿ ಪಡೆದ ಮೊದಲ ಗಾಯಕವೃಂದ ಎನಿಸಿತು. 2007ರಲ್ಲಿ ಅಮೆರಿಕದ ಜರ್ನಿ ರಾಕ್ ತಂಡ ತನ್ನ ಮುಖ್ಯ ಗಾಯಕನಾಗಿ ಆರ್ನೆಲ್ ಪಿನೇದಾನನ್ನು ಯೂಟ್ಯೂಬ್ ಮೂಲಕ ಕಂಡುಕೊಂಡಿತು.

ಇಂದಿನ ಸ್ಥಿತಿ

ಸಂಗೀತಕಾರರಿಗೆ ದೇಶದ ಅತ್ಯುನ್ನತ ಗೌರವ 1972ರಲ್ಲಿ ಆರಂಭವಾದ ‘ರಾಷ್ಟ್ರೀಯ ಕಲಾವಿದ’ ಪದವಿ. ಸಂಗೀತ ವಿಭಾಗದಲ್ಲಿ ಅದನ್ನು ಮೊದಲು ಪಡೆದವನು ಮೊಲಿನಾ (1973). ಇತ್ತೀಚಿನವರಲ್ಲಿ ಕಯಬ್ಯಾಬ್ (2018) ಮತ್ತು ಗಾಯಕಿ ಫಿದೆಸ್ ಕುಯುಗಾನ್ ಅಸೆನ್ಸಿಯೊ (2022) ಇದ್ದಾರೆ. 1969ರಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರದ ಮುಖ್ಯ ಕಟ್ಟಡವನ್ನು 2023ರಲ್ಲಿ ದುರಸ್ತಿಗಾಗಿ ಮುಚ್ಚಲಾಯಿತು.

ಕುಂದಿಮಾನ್ ಈಗ ಮುಖ್ಯವಾಗಿ ವಿದ್ಯಾಲಯ, ಸ್ಪರ್ಧೆ ಮತ್ತು ಕಛೇರಿಗಳಲ್ಲಿ ಕೇಳಿಬರುತ್ತದೆ. ಹರಾನಾ ಪದ್ಧತಿ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದೆ. ಊರಿನ ಬ್ಯಾಂಡುಗಳು ಮಾತ್ರ ಹಬ್ಬಗಳ ಆಸರೆಯಲ್ಲಿ ಗಟ್ಟಿಯಾಗಿವೆ. ಕೊರಿಯಾದ ತರಬೇತಿ ಮಾದರಿಯನ್ನು ಅಳವಡಿಸಿಕೊಂಡ ಎಸ್‌ಬಿ19 ಮತ್ತು ಬಿನಿ ತಂಡಗಳು ಫಿಲಿಪಿನೊ ಭಾಷೆಯ ಹಾಡುಗಳನ್ನು ಆಗ್ನೇಯ ಏಷ್ಯದ ಆಚೆಗೂ ಒಯ್ದಿವೆ. ಸೆಬು ದ್ವೀಪದಲ್ಲಿ ಸೆಬುವಾನೊ ಭಾಷೆಯ ‘ವಿಸ್‌ಪಾಪ್’ ಗೀತೆಗಳು ಮನಿಲಾದ ಭಾಷಾ ಯಜಮಾನಿಕೆಗೆ ಸಣ್ಣ ಮಟ್ಟದ ಪ್ರತಿರೋಧ ಒಡ್ಡಿವೆ.

1945ರ ಮನಿಲಾ ಕದನದಲ್ಲಿ ನಗರದ ಇಗರ್ಜಿ, ಗ್ರಂಥಾಲಯಗಳೊಂದಿಗೆ ಯುದ್ಧಪೂರ್ವ ಸಂಯೋಜಕರ ಅನೇಕ ಹಸ್ತಪ್ರತಿಗಳು ನಾಶವಾದದ್ದರಿಂದ ಆ ಕಾಲದ ಕೃತಿಸೂಚಿಗಳು ಅಪೂರ್ಣವಾಗಿವೆ. ಮೌಖಿಕ ಪರಂಪರೆಗಳ ಮಟ್ಟಿಗೆ ದಾಖಲೆ ಹೆಚ್ಚು ಸುರಕ್ಷಿತವಾಗಿದೆ. ಮಸೇಡಾ ಮತ್ತು ಸಹೋದ್ಯೋಗಿಗಳು 51 ಭಾಷಾ ಸಮುದಾಯಗಳಿಂದ ಸಂಗ್ರಹಿಸಿದ ಧ್ವನಿಮುದ್ರಣಗಳು ಫಿಲಿಪೀನ್ಸ್ ವಿಶ್ವವಿದ್ಯಾಲಯದ ಜನಾಂಗೀಯ ಸಂಗೀತಶಾಸ್ತ್ರ ಕೇಂದ್ರದಲ್ಲಿವೆ. 2007ರಲ್ಲಿ ಯುನೆಸ್ಕೊ ಆ ಸಂಗ್ರಹವನ್ನು ವಿಶ್ವಸ್ಮೃತಿ ದಾಖಲೆಗೆ ಸೇರಿಸಿತು.